ಸಿಗದ ಎಂಜಿನ್ ಬಿಡಿಭಾಗ: ಲೇತ್‌ನವರ ಬಳಿ ಮಾಡಿಸುವುದು ಹೇಗೆ?

ಹಳೆಯ ಕಾರಿನ ಎಂಜಿನ್ ಬಿಚ್ಚಿದ್ದಾಗಿದೆ. ವಾಲ್ವ್ ತೆರೆಯುವ ಸನ್ನೆ, ಅಂದರೆ ರಾಕರ್ ಆರ್ಮ್‌ನ ಬುಷ್ (ಶಾಫ್ಟ್ ಮೇಲೆ ತಿರುಗಲು ಅದರ ತೂತಿನೊಳಗೆ ಕೂರಿಸಿದ ಲೋಹದ ಕೊಳವೆ) ಸವೆದಿದೆ. ಕಂಪನಿ ಅದನ್ನು ತಯಾರಿಸುವುದನ್ನೇ ನಿಲ್ಲಿಸಿದೆ, ಗುಜರಿಯಲ್ಲೂ ಸಿಗಲಿಲ್ಲ. ಆಗ ಹೆಚ್ಚಿನವರು ಸವೆದ ಬುಷ್ಷನ್ನು ಜೇಬಿಗೆ ಹಾಕಿಕೊಂಡು ಹೋಗಿ, ‘ಇದೇ ಥರ ಒಂದು ಮಾಡಿಕೊಡಿ’ ಅನ್ನುತ್ತಾರೆ. ಲೇತ್‌ನವರು ಹಾಗೆಯೇ ಮಾಡಿಕೊಡುತ್ತಾರೆ, ಸವೆತದ ಸಮೇತ!

ಅದಕ್ಕೇ ಮೊದಲ ಕೆಲಸ ಅಳತೆ. ಹಾಳಾದ ಭಾಗಕ್ಕಿಂತ ಅದು ಕೂರುವ ಜಾಗದ ಅಳತೆ ಮುಖ್ಯ. ಶಾಫ್ಟ್‌ನಲ್ಲಿ ರಾಕರ್ ಉಜ್ಜದ ಕಡೆ ಮೂಲ ವ್ಯಾಸ ಉಳಿದಿರುತ್ತದೆ, ಅಲ್ಲಿ ಅಳೆಯಿರಿ. ಸಾಮಾನ್ಯ ವರ್ನಿಯರ್ 0.02 ಮಿ.ಮೀ.ವರೆಗೆ ತೋರಿಸುತ್ತದೆ. ಬುಷ್ ಮತ್ತು ಶಾಫ್ಟ್ ನಡುವಿನ ಸಂದು ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು, ಹಾಗಾಗಿ ಇನ್ನೂ ಸೂಕ್ಷ್ಮವಾಗಿ ಅಳೆಯುವ ಮೈಕ್ರೋಮೀಟರ್ ಬೇಕೇ ಬೇಕು. ನಿಮ್ಮಲ್ಲಿ ಇಲ್ಲವೆಂದರೆ ಶಾಫ್ಟ್, ರಾಕರ್, ಹಳೆಯ ಬುಷ್ ಮೂರನ್ನೂ ಒಯ್ಯಿರಿ. ಆ ಎಂಜಿನ್ನಿನ ವರ್ಕ್‌ಶಾಪ್ ಮ್ಯಾನ್ಯುಅಲ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಆಮೇಲೆ ಒಂದು ಡ್ರಾಯಿಂಗ್. ನೋಟ್‌ಬುಕ್ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದರೂ ಸಾಕು. ಯಾವ ಅಳತೆ ಬಿಗಿ, ಯಾವುದು ಸಡಿಲ ಎಂಬುದು ಸ್ಪಷ್ಟವಾಗಿರಬೇಕು. ಎಲ್ಲ ಕಡೆ ‘0.01 ಮಿ.ಮೀ. ಒಳಗೆ’ ಎಂದು ಬರೆದರೆ ಬೇಡದ ನಿಖರತೆಗೂ ನೀವೇ ದುಡ್ಡು ತೆರುತ್ತೀರಿ. ಥ್ರೆಡ್ ಇದ್ದರೆ ಪಿಚ್ (ಪಕ್ಕಪಕ್ಕದ ಎರಡು ಎಳೆಗಳ ನಡುವಿನ ಅಂತರ) ಸಹ ಬರೆಯಿರಿ: 10 ಮಿ.ಮೀ. ವ್ಯಾಸದ ಎಂ10 ಬೋಲ್ಟ್‌ನಲ್ಲೇ 1.5, 1.25, 1 ಮಿ.ಮೀ. ಪಿಚ್‌ಗಳಿವೆ. ಹಾಳೆಯ ಕೆಳಗೆ ಆ ಭಾಗ ಏನು ಮಾಡುತ್ತದೆ, ಎಷ್ಟು ಬಿಸಿಯಾಗುತ್ತದೆ, ಆಯಿಲ್ ಎಲ್ಲಿಂದ ಬರುತ್ತದೆ ಎಂದು ಎರಡು ಸಾಲು ಸೇರಿಸಿ. ಈ ಎರಡು ಸಾಲು ಎಷ್ಟೋ ತಪ್ಪುಗಳನ್ನು ತಪ್ಪಿಸುತ್ತವೆ. ನಮ್ಮ ಬುಷ್ಷನ್ನೇ ನೋಡಿ: ರಾಕರ್ ಒಳಗೆ ಒತ್ತಿ ಕೂರಿಸಿದಾಗ ಅದರ ಒಳತೂತು ತುಸು ಕುಗ್ಗುತ್ತದೆ. ಮೊದಲೇ ಸರಿಯಾದ ಅಳತೆಗೆ ಕೊರೆದಿದ್ದರೆ ಶಾಫ್ಟ್ ಹೋಗುವುದೇ ಇಲ್ಲ. ಒತ್ತಿದ ಮೇಲೆ ರೀಮರ್ (ತೂತನ್ನು ನಿಖರ ಅಳತೆಗೆ ತರುವ ಉಪಕರಣ) ಹಾಕಬೇಕು. ಅದನ್ನು ಲೇತ್‌ನವರು ಮಾಡುತ್ತಾರೋ ನೀವೋ, ಮೊದಲೇ ಮಾತಾಡಿಕೊಳ್ಳಿ.

ಲೋಹದ ಆಯ್ಕೆಯನ್ನು ‘ಇರೋದರಲ್ಲಿ ಮಾಡಿ’ ಎಂದು ಬಿಡಬೇಡಿ. ಇಂಥ ಬುಷ್‌ಗೆ ಫಾಸ್ಫರ್ ಬ್ರಾಂಜ್ ಒಗ್ಗುತ್ತದೆ. ಅಲ್ಯೂಮಿನಿಯಂ ಬಿಸಿಗೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ: 100 ಮಿ.ಮೀ. ಉದ್ದದ ತುಂಡು 80 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ 0.18 ಮಿ.ಮೀ.ನಷ್ಟು ಬೆಳೆಯುತ್ತದೆ. ಅಲ್ಯೂಮಿನಿಯಂ ಒಳಗೆ ತಣ್ಣಗಿದ್ದಾಗ ಬಿಗಿಯಾಗಿ ಕೂತ ಉಕ್ಕಿನ ಭಾಗ ಎಂಜಿನ್ ಕಾದಾಗ ಸಡಿಲವಾಗುವುದು ಹೀಗೆ.

ಇನ್ನು ಯಾರ ಬಳಿ ಹೋಗುವುದು? ಸಿಲಿಂಡರ್ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಎಂಜಿನ್ ರೀಬೋರ್ ಮಾಡುವವರ ಕೆಲಸ. ಒಂದೆರಡು ಬುಷ್, ಸ್ಪೇಸರ್‌ಗಳಿಗೆ ನನ್ನ ಆಯ್ಕೆ ಕೈಲೇತ್‌ನಲ್ಲಿ ಪಳಗಿದ ಟರ್ನರ್. ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಯಂತ್ರದವರಿಗೆ ಒಂದೇ ಪೀಸ್‌ಗಾಗಿ ಪ್ರೋಗ್ರಾಂ ಬರೆದು ಸೆಟ್ ಮಾಡುವುದು ದಂಡ. ಆಕಾರ ವಕ್ರವಾಗಿದ್ದರೆ ಮಾತ್ರ ಅಲ್ಲಿಗೆ. ಹಳೆಯ ಎಂಜಿನ್ ಕಟ್ಟುವ ಮೆಕ್ಯಾನಿಕ್‌ಗಳನ್ನು ‘ನಿಮ್ಮ ಜಾಬ್ ಎಲ್ಲಿಗೆ ಕಳಿಸ್ತೀರಿ?’ ಎಂದು ಕೇಳಿ. ಇಬ್ಬರು ಒಂದೇ ಹೆಸರು ಹೇಳಿದರೆ ಅಲ್ಲಿಗೇ ಹೊರಡಿ.

ಹೋದಾಗ ಅಳತೆಯ ಸಾಧನಗಳನ್ನು ಎಲ್ಲಿ ಇಟ್ಟಿದ್ದಾರೆ ನೋಡಿ. ಮೈಕ್ರೋಮೀಟರ್ ಲೋಹದ ಚೂರುಗಳ ನಡುವೆ ಬಿದ್ದಿದ್ದರೆ ನಾನಂತೂ ಹಿಂದಿರುಗುತ್ತೇನೆ. ‘ಶಾಫ್ಟ್ ತಂದಿದ್ದೀರಾ? ಆಯಿಲ್ ತೂತು ಯಾವ ಕಡೆ?’ ಎಂದು ತಲೆ ತಿನ್ನುವವರು ಸಿಕ್ಕರೆ ಅದೃಷ್ಟ. ಏನೂ ಕೇಳದೆ ‘ಬಿಡಿ, ಆಗುತ್ತೆ’ ಅನ್ನುವವರಿಗಿಂತ, ‘ಇದು ನನ್ನ ಕೈಲಾಗದು’ ಎನ್ನುವವರೇ ವಾಸಿ. ಕನೆಕ್ಟಿಂಗ್ ರಾಡ್, ಅದರ ಬೋಲ್ಟ್‌ಗಳಂಥವನ್ನು ಮಾತ್ರ ಮಾಮೂಲಿ ಲೇತ್‌ಗೆ ಕೊಡಲೇಬೇಡಿ. ಅವು ಮುರಿದರೆ ಎಂಜಿನ್ ಬ್ಲಾಕೇ ಒಡೆದುಹೋಗಬಹುದು.

ಲೋಹ ಯಾರು ತರಬೇಕು, ಅಳತೆ ತಪ್ಪಿದರೆ ನಷ್ಟ ಯಾರದು, ಎಷ್ಟು ದಿನ, ಎಷ್ಟು ದುಡ್ಡು ಎಂಬುದನ್ನು ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ಎರಡು ಮಾಡಿಸಿ. ಹೆಚ್ಚು ಹೊತ್ತು ಹಿಡಿಯುವುದು ಸೆಟ್ಟಿಂಗ್, ಎರಡನೆಯದಕ್ಕೆ ಅಷ್ಟು ಖರ್ಚು ಬೀಳದು. ಕೈಗೆ ಬಂದಾಗ ಅವರೆದುರೇ ಅಳೆಯಿರಿ, ಆದರೆ ತಣಿದ ಮೇಲೆ. ಲೇತ್‌ನಿಂದ ಆಗಷ್ಟೇ ಇಳಿದ ಬಿಸಿ ಬುಷ್ ತುಸು ದಪ್ಪ ತೋರಿಸುತ್ತದೆ. ರಾಕರ್‌ಗೆ ಒತ್ತುವ ಮೊದಲು ಆಯಿಲ್ ತೂತುಗಳು ಒಂದೇ ನೇರಕ್ಕಿವೆಯೇ ಎಂದು ತೆಳು ತಂತಿ ತೂರಿಸಿ ನೋಡಿಕೊಳ್ಳಿ.