ಇಗುವಾನಾದ ಕಾಲು ನಡುಗುತ್ತಿತ್ತು, ತಪ್ಪು ತಾಟಿನಲ್ಲಿತ್ತು: ನನ್ನ ಅನುಭವ

ವಿಜಯಪುರದ ಸಂತೆಯಲ್ಲಿ ಪಾಲಕ, ರಾಜಗಿರಿ, ಪುಂಡಿಪಲ್ಯ ಸಲೀಸಾಗಿ ಸಿಗುತ್ತವೆ ಎಂದು ನಾನು ಸಾಕಿದ ಇಗುವಾನಾಗೆ (ಸೊಪ್ಪು ತಿನ್ನುವ ದೊಡ್ಡ ಹಲ್ಲಿ ಜಾತಿ) ದಿನವೂ ಅವನ್ನೇ ಹಾಕಿದ್ದೇ ತಪ್ಪಾಯಿತು. ಇವುಗಳಲ್ಲಿನ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಅದು ಮೈಗೆ ಹತ್ತುವುದಿಲ್ಲ. ಹಿಂಗಾಲು ನಡುಗುವುದು, ಕೆಳದವಡೆ ಒತ್ತಿದರೆ ಮೆತ್ತಗಾಗುವುದು ಮೂಳೆರೋಗದ ಲಕ್ಷಣ. ಕಂಡ ದಿನವೇ ಪಶುವೈದ್ಯರಿಗೆ ತೋರಿಸಬೇಕು, ಬರೀ ಆಹಾರ ಬದಲಿಸಿ ಕಾಯಬಾರದು.

ಈಗ ತಾಟಿನ ಮುಕ್ಕಾಲು ಪಾಲು ಸೊಪ್ಪು: ನುಗ್ಗೆ, ಹಿಪ್ಪುನೇರಳೆ, ದಾಸವಾಳದ ಎಲೆ, ಸಾಸಿವೆಸೊಪ್ಪು. ದಿನಕ್ಕೆ ಎರಡು ಮೂರು ಬಗೆ, ಸರದಿಯಂತೆ. ಉಳಿದದ್ದು ತುರಿದ ಕುಂಬಳ, ಹೀರೇಕಾಯಿ. ಪಪಾಯಿಯಂಥ ಹಣ್ಣು ಹತ್ತರಲ್ಲಿ ಒಂದು ಪಾಲು ಮೀರಬಾರದು. ನಮ್ಮೂರ ದ್ರಾಕ್ಷಿ ಅಪರೂಪಕ್ಕೆ, ಅದೂ ಔಷಧಿ ಹೊಡೆದಿದ್ದರೆ ಬೇಡವೇ ಬೇಡ. ಮೊಟ್ಟೆ, ಹುಳು, ಮಾಂಸ ಕೊಡಲೇಬಾರದು, ಮೂತ್ರಪಿಂಡ ಕೆಡುತ್ತದೆ.

ಕತ್ತರಿಸುವ ಅಳತೆ ಮುಖ್ಯ: ಇಗುವಾನಾದ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಸಣ್ಣ ಚೂರು. ತೊಳೆದ ನೀರಿನ ಹನಿ ಸೊಪ್ಪಿನ ಮೇಲೆ ಹಾಗೇ ಇರಲಿ. ಅದರ ಮೇಲೆ ರಂಜಕ (ಫಾಸ್ಫರಸ್) ಇಲ್ಲದ ಕ್ಯಾಲ್ಸಿಯಂ ಪುಡಿ ಉದುರಿಸಿದರೆ ಅಂಟಿಕೊಳ್ಳುತ್ತದೆ, ಒಣ ಎಲೆಯಿಂದ ಜಾರಿ ತಳಕ್ಕೆ ಬೀಳುತ್ತದೆ. ಬೆಳೆಯುವ ಮರಿಗೆ ವಾರಕ್ಕೆ ನಾಲ್ಕೈದು ದಿನ ಒಂದು ಚಿಟಿಕೆ ಸಾಕು.

ಬೆಳಗ್ಗೆ ಮೈ ಕಾಯಿಸಿಕೊಂಡ ಮೇಲೆಯೇ ಊಟ. ಗಾಜಿನ ಕಿಟಕಿಯ ಬಿಸಿಲು ಲೆಕ್ಕಕ್ಕಿಲ್ಲ, ಕ್ಯಾಲ್ಸಿಯಂ ಮೈಗೆ ಹತ್ತಲು ಬೇಕಾದ ಯುವಿಬಿ ಎಂಬ ಬಿಸಿಲಿನ ಕಿರಣವನ್ನು ಗಾಜು ತಡೆಯುತ್ತದೆ. ನೇರ ಬಿಸಿಲಿಗೆ, ನೆರಳೂ ಇರುವ ಜಾಲರಿ ಗೂಡಿನಲ್ಲಿ ಬಿಡಿ, ಇಲ್ಲವೇ ಯುವಿಬಿ ದೀಪ ಹಾಕಿ.