ಕೆಟಲ್‌ಬೆಲ್: ತೂಕ ಏರಿಸುವ ಮೊದಲು ವಿಶ್ರಾಂತಿ ಇಳಿಸಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಮೈದಾನವನ್ನು ನಂಬುವಂತಿಲ್ಲ. ಓಟ ನಿಂತುಹೋದ ಹಾಕಿ ಆಟಗಾರರು ಮನೆಯ ಜಗಲಿಯಲ್ಲೇ ಮಾಡಬಹುದಾದ ಕಸರತ್ತು ಕೆಟಲ್‌ಬೆಲ್ ಸ್ವಿಂಗ್, ಅಂದರೆ ಮೇಲೆ ಹಿಡಿಯಿರುವ ಕಬ್ಬಿಣದ ಗುಂಡನ್ನು ಕಾಲುಗಳ ನಡುವಿನಿಂದ ಮುಂದಕ್ಕೆ ಬೀಸುವುದು. ಆದರೆ ಏದುಸಿರು ಬರಲಿ ಎಂದು ಹಲವರು ನೇರವಾಗಿ ದೊಡ್ಡ ಗುಂಡಿಗೆ ಕೈಹಾಕುತ್ತಾರೆ. ಶ್ರಮವನ್ನು ಏರಿಸಲು ಅದಕ್ಕಿಂತ ಸುರಕ್ಷಿತ ದಾರಿ, ಸುತ್ತುಗಳ ನಡುವಿನ ಬಿಡುವನ್ನು ಕಡಿಮೆ ಮಾಡುವುದು.

ಹೊಸಬರಲ್ಲಿ ಹೆಂಗಸರಿಗೆ 8 ಕಿಲೊ, ಗಂಡಸರಿಗೆ 12 ಕಿಲೊ ಸಾಕು. ಬೆನ್ನು ಬಾಗದೆ 15 ಸ್ವಿಂಗ್ ಮುಗಿದರೆ ತೂಕ ಸರಿಯಿದೆ. ಗುಂಡನ್ನು ಮೇಲಕ್ಕೆ ಎಸೆಯಬೇಕಾದದ್ದು ಸೊಂಟ. ತೋಳಿನಿಂದ ಎತ್ತಿದರೆ ಭುಜ ಸೋಲುತ್ತದೆ, ಗುಂಡು ಮೊಣಕಾಲಿಗಿಂತ ಕೆಳಗೆ ಇಳಿದರೆ ಬೆನ್ನಿನ ಕೆಳಭಾಗ ಹಿಡಿಯುತ್ತದೆ.

ಮೊದಲ ಎರಡು ವಾರ 20 ಸೆಕೆಂಡ್ ಸ್ವಿಂಗ್, 40 ಸೆಕೆಂಡ್ ಬಿಡುವು, ಹೀಗೆ 10 ಸುತ್ತು. ಬಿಡುವಿನಲ್ಲಿ ಪೂರ್ತಿ ವಾಕ್ಯ ಆಡಲು ಬರಬೇಕು. ನಂತರ 30–30. ಈಗ ಮೂರು ನಾಲ್ಕು ಪದಕ್ಕೇ ಉಸಿರು ಬೇಕಾಗುತ್ತದೆ. 40–20ಕ್ಕೆ ಬಂದಾಗ ಕಥೆಯೇ ಬೇರೆ. ಸ್ನಾಯುವಿನ ತಕ್ಷಣದ ಇಂಧನವಾದ ಫಾಸ್ಫೋಕ್ರಿಯೇಟಿನ್ ಅರ್ಧದಷ್ಟು ಮರಳಲು ಸುಮಾರು ಅರ್ಧ ನಿಮಿಷ ಹಿಡಿಯುತ್ತದೆ, 20 ಸೆಕೆಂಡಿನಲ್ಲಿ ಅದು ಆಗದ ಮಾತು. ಕೊರತೆ ತುಂಬಲು ದೇಹ ಆಮ್ಲಜನಕವಿಲ್ಲದೆ ಸಕ್ಕರೆಯನ್ನು ಒಡೆಯುವುದು ಹೆಚ್ಚುತ್ತದೆ, ಅದರಿಂದ ಹುಟ್ಟುವ ಲ್ಯಾಕ್ಟೇಟ್ ಏರುತ್ತದೆ, ಮುಂಗೈ ಉರಿಯುತ್ತದೆ. ಸ್ವಿಂಗ್‌ನ ವೇಗ ಕುಸಿದ ಕೂಡಲೇ ಆ ದಿನದ ಮಟ್ಟಿಗೆ ನಿಲ್ಲಿಸಿ.

ಎದೆಬಡಿತವನ್ನು ಓದುವಾಗ ಎಚ್ಚರ ಬೇಕು. ಹಿಡಿಯನ್ನು ಬಿಗಿಯಾಗಿ ಹಿಡಿದಾಗ ರಕ್ತದೊತ್ತಡವೂ ಬಡಿತವೂ ಏರುತ್ತವೆ, ಆಮ್ಲಜನಕದ ಬಳಕೆ ಮಾತ್ರ ಅಷ್ಟಾಗಿ ಏರುವುದಿಲ್ಲ. ಹಾಗಾಗಿ ಸ್ವಿಂಗ್‌ನಲ್ಲಿ ಬಂದ 160, ಓಟದಲ್ಲಿ ಬಂದ 160ಕ್ಕೆ ಸಮವಲ್ಲ. ಹಾಕಿಗೆ ದಮ್ಮು ಬೇಕೆನ್ನುವವರು ಮಳೆ ಬಿಟ್ಟಾಗ ಓಡಲೇಬೇಕು. ಮಣಿಕಟ್ಟಿನ ವಾಚು ಈ ಕಸರತ್ತಿನಲ್ಲಿ ತಪ್ಪು ಹೇಳುವುದುಂಟು. ನಿಂತ ಕೂಡಲೇ ಕುತ್ತಿಗೆಯ ನಾಡಿಯನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ, ಅದರಲ್ಲೂ ಹತ್ತು ಹನ್ನೆರಡು ಬಡಿತ ಆಚೀಚೆ ಆಗಬಹುದು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ ನಿಜ, ಆದರೆ ಅಲ್ಲೇ ಇರುವವರು ಏದುಸಿರಿಗೆ ಅದನ್ನು ನೆಪ ಮಾಡುವಂತಿಲ್ಲ.

ಬಿಪಿ ಇರುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು, ಉಸಿರು ಕಟ್ಟಿ ಎತ್ತಲೂಬಾರದು. ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ಬಡಿತ ಏರುವುದೇ ಕಡಿಮೆ, ಅವರಿಗೆ ಬಿಡುವಿನಲ್ಲಿ ಎಷ್ಟು ಮಾತು ಆಡಲು ಬರುತ್ತದೆ ಎಂಬುದೇ ಅಳತೆ.

ಪಾಚಿ ಕಟ್ಟಿದ ಕಾಫಿ ಕಣದಲ್ಲಿ ಸ್ವಿಂಗ್ ಬೇಡ, ಕಾಲು ಜಾರುತ್ತದೆ. ಥಂಡಿ ಹವೆಯಲ್ಲಿ ಹಿಡಿ ಒದ್ದೆಯಾಗಿರುತ್ತದೆ, ಪ್ರತಿ ಸುತ್ತಿಗೂ ಒಣಬಟ್ಟೆಯಿಂದ ಒರೆಸಿ.

ವಾರಕ್ಕೆ ಎರಡು ದಿನ, ನಡುವೆ 48 ಗಂಟೆ ಬಿಡುವು ಸಾಕು. 30–30ರ ಹತ್ತೂ ಸುತ್ತು ಒಂದೇ ವೇಗದಲ್ಲಿ ಮುಗಿಯತೊಡಗಿದ ಮೇಲೆ 4 ಕಿಲೊ ಏರಿಸಿ, ಮತ್ತೆ 20–40ರಿಂದ ಆರಂಭಿಸಿ.