ನಾಯಿ ಬೊಗಳಿದರೆ ಸಾಕಾ? ಊಪ್ಸ್ ಪುಸ್ತಕ ಆರಿಸಿದ ನನ್ನ ಅನುಭವ

ನಾನು ಓದಿದ್ದು ಬಿಕಾಂ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿತದ್ದು ಕೆಲಸದ ಜೊತೆಜೊತೆಗೇ. ಮಂಡ್ಯದ ಹತ್ತಿರ ನಮ್ಮೂರಿನ ಹಾಲಿನ ಡೈರಿಗೆ ಬಟವಾಡೆ ಲೆಕ್ಕದ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಹಾಲಲ್ಲಿ ಫ್ಯಾಟ್ ಬಿಟ್ಟು ಉಳಿದ ಘನ ಅಂಶ) ಎಷ್ಟು, ಅದಕ್ಕೆ ದರ ಎಷ್ಟು, ಫೀಡ್ಸ್ ದುಡ್ಡು ಮುರಿದುಕೊಂಡು ಕೈಗೆ ಎಷ್ಟು. ಎಲ್ಲಾ ಬರೀ ಫಂಕ್ಷನ್‌ಗಳು, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಕೋಡಿನ ತುಂಡು. ಲೆಕ್ಕ ಸರಿಯಾಗೇ ಬರುತ್ತಿತ್ತು. ಆದರೆ ಸೆಕ್ರೆಟರಿ ಏನಾದರೂ ಹೊಸದು ಕೇಳಿದರೆ ಸಾಕು, ಇಫ್ ಎಲ್ಸ್ ಷರತ್ತುಗಳನ್ನ ಹುಡುಕಿಕೊಂಡು ಫೈಲಿನ ಉದ್ದಕ್ಕೂ ಅಲೆಯಬೇಕು. ಪರಿಚಯದವರೊಬ್ಬರು ನೋಡಿ, "ಇದಕ್ಕೆಲ್ಲಾ ಕ್ಲಾಸ್ ಬರೀಬೇಕು ಕಣಯ್ಯ, ಮೊದಲು ಊಪ್ಸ್ ಕಲಿ" ಅಂದರು. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಅಂತ ಪೂರ್ತಿ ಹೇಳುವವರು ನಮ್ಮ ಕಡೆ ಕಮ್ಮಿ. ಮಾಹಿತಿಯನ್ನೂ ಅದರ ಮೇಲೆ ನಡೆಯುವ ಕೆಲಸವನ್ನೂ ಒಟ್ಟಿಗೆ ಕಟ್ಟಿಟ್ಟರೆ ಅದು ಆಬ್ಜೆಕ್ಟ್, ಅದನ್ನ ಮಾಡುವ ಅಚ್ಚು ಕ್ಲಾಸ್.

ಮೈಸೂರಿನ ದೇವರಾಜ ಅರಸು ರಸ್ತೆ ಕಡೆ ಪುಸ್ತಕದಂಗಡಿಯಲ್ಲಿ ಕೇಳಿದೆ. ಅಂಗಡಿಯವರು ತಲೆ ಎತ್ತದೇ ಅಂದದ್ದು: "ಎಕ್ಸಾಮ್‌ಗಾ ಸಾರ್, ಕಲಿಯೋಕಾ?"

ಎಷ್ಟು ಸರಿಯಾದ ಪ್ರಶ್ನೆ! ಎಕ್ಸಾಮ್ ಪುಸ್ತಕದಲ್ಲಿ ಊಪ್ಸ್‌ನ ಮುಖ್ಯ ಪದಗಳಾದ ಎನ್‌ಕ್ಯಾಪ್ಸುಲೇಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ಎಲ್ಲಕ್ಕೂ ಎರಡೆರಡು ಸಾಲಿನ ವಿವರಣೆ, ಕೆಳಗೊಂದು ಪುಟ್ಟ ಕೋಡು. ಮಾರ್ಕ್ಸ್ ತೆಗೆಯೋಕೆ ಅದೇ ಬೇಕು, ನಾನು ಅದನ್ನ ಹಳಿಯುವುದಿಲ್ಲ. ನನ್ನ ಬಟವಾಡೆಗೆ ಮಾತ್ರ ಅದು ಆಗಿಬರುವುದಿಲ್ಲ.

ಮೊದಲು ನೋಡಿದ್ದು ಪುಸ್ತಕದ ವಯಸ್ಸು. ಮುದ್ರಣದ ವರ್ಷ ನಂಬಬೇಡಿ, ಹಳೇ ಪುಸ್ತಕಕ್ಕೇ ಹೊಸ ವರ್ಷ ಬಿದ್ದಿರುತ್ತೆ. ಒಳಗಿನ ಕೋಡು ನೋಡಿ. ಸಿ ಪ್ಲಸ್ ಪ್ಲಸ್ ಪುಸ್ತಕದಲ್ಲಿ ಐಓಸ್ಟ್ರೀಮ್ ಮುಂದೆ ಡಾಟ್ ಎಚ್ ಇದ್ದರೆ ಅದು 1998ರ ಸ್ಟ್ಯಾಂಡರ್ಡ್‌ಗಿಂತ ಹಿಂದಿನ ಕಾಲದ್ದು. ಜಾವಾದಲ್ಲಿ ಅರೇಲಿಸ್ಟ್ ಪಕ್ಕ ಆ ಚೂಪು ಬ್ರಾಕೆಟ್ ಇಲ್ಲದಿದ್ದರೆ 2004ರ ಹಿಂದಿನದು. ಪೈಥಾನ್‌ನಲ್ಲಿ ಪ್ರಿಂಟ್‌ಗೆ ಬ್ರಾಕೆಟ್ ಹಾಕಿಲ್ಲವೇ? ಅದು ಪೈಥಾನ್ 2, ಅದರ ಸಪೋರ್ಟ್ 2020ಕ್ಕೇ ಮುಗಿಯಿತು. ಇಷ್ಟರಲ್ಲೇ ಅರ್ಧ ಪುಸ್ತಕ ವಾಪಸ್ ಕಪಾಟಿಗೆ ಹೋದವು. ಭಾಷೆ ಯಾವುದು ಅಂತ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಪೈಥಾನ್ ಬರುತ್ತಿತ್ತು, ಅದರಲ್ಲೇ ಕಲಿತರಾಯಿತು.

ಆಮೇಲೆ ಶುರುವಾಯಿತು ನಾಯಿ ಕಾಟ. ಯಾವ ಪುಸ್ತಕ ತೆಗೆದರೂ ಇನ್‌ಹೆರಿಟೆನ್ಸ್ (ಒಂದು ಕ್ಲಾಸಿನ ಗುಣ ಅದರ ಕೆಳಗಿನ ಕ್ಲಾಸಿಗೆ ಬರುವುದು) ಪಾಠದಲ್ಲಿ ಒಂದು ಪ್ರಾಣಿ, ಅದರ ಕೆಳಗೆ ನಾಯಿ, ಬೆಕ್ಕು. ನಾಯಿ ಬೊಗಳುತ್ತೆ, ಬೆಕ್ಕು ಮಿಯಾವ್ ಅನ್ನುತ್ತೆ. ಅಲ್ಲಿಗೆ ಪಾಠ ಮುಗಿಯಿತು. ಓದುವಾಗ ಎಲ್ಲಾ ಅರ್ಥವಾದ ಹಾಗೇ ಇರುತ್ತೆ. ಅದನ್ನೇ ನಂಬಿ ಡೈರಿ ಲೆಕ್ಕ ಬರೆಯಲು ಕೂತರೆ ಹಾಲಿನ ಕೆಳಗೆ ಹಸುವಿನ ಹಾಲು, ಎಮ್ಮೆ ಹಾಲು ಅಂತ ಎರಡು ಕ್ಲಾಸ್ ಬರುತ್ತವೆ. ನಿಜಕ್ಕೂ ಅವೆರಡರ ಮಧ್ಯೆ ಲೆಕ್ಕದಲ್ಲಿ ಬೇರೆಯಾಗುವುದು ದರದ ಪಟ್ಟಿ ಒಂದೇ. ಹಾಗಾದರೆ ಪಟ್ಟಿಯನ್ನೇ ಒಂದು ಆಬ್ಜೆಕ್ಟ್ ಮಾಡಿ ಹಾಲಿನ ಎಂಟ್ರಿ ಕೈಗೆ ಕೊಟ್ಟರೆ ಆಯಿತಲ್ವಾ? ನಾಳೆ ದರ ಬದಲಾದರೆ ಪಟ್ಟಿ ಬದಲಾಗುತ್ತೆ, ಎಂಟ್ರಿಯನ್ನ ಮುಟ್ಟಬೇಕಾಗೇ ಇಲ್ಲ. ಇದು ಹೊಳೆದ ಮೇಲೆ ನನ್ನ ಪರೀಕ್ಷೆಯೂ ಬದಲಾಯಿತು. ಪುಸ್ತಕ ಒಂದು ಪ್ರೋಗ್ರಾಂ ಬರೆದು ಬಿಟ್ಟುಬಿಡುತ್ತಾ, ಇಲ್ಲಾ ಅದನ್ನೇ ತಿರುಗಿ ಕೈಗೆತ್ತಿಕೊಂಡು ಹೊಸ ಬೇಡಿಕೆ ಸೇರಿಸಿ ತಿದ್ದುತ್ತಾ? ಕ್ಲಾಸಿನ ಉಪಯೋಗ ಕಾಣುವುದೇ ತಿದ್ದುವಾಗ.

ಈ ಪದ್ಧತಿ ಹುಟ್ಟಿದ ಕಥೆ ತಿಳಿದರೂ ಪುಸ್ತಕ ಆರಿಸುವುದು ಸಲೀಸು. ಆಬ್ಜೆಕ್ಟ್‌ಗಳಿದ್ದ ಮೊದಲ ಭಾಷೆ ಸಿಮುಲಾ. ನಾರ್ವೆಯ ಓಲೆ ಯೋಹಾನ್ ಡಾಲ್, ಕ್ರಿಸ್ಟನ್ ನೈಗಾರ್ಡ್ 1960ರ ದಶಕದಲ್ಲಿ ಅದನ್ನ ಮಾಡಿದ್ದು ಸಿಮ್ಯುಲೇಷನ್‌ಗೆ, ಅಂದರೆ ನಿಜವಾಗಿ ನಡೆಯುವುದನ್ನ ಕಂಪ್ಯೂಟರಿನಲ್ಲಿ ನಡೆಸಿ ನೋಡೋಕೆ. ಬೆಳಗ್ಗೆ ಡೈರಿ ಮುಂದೆ ಕ್ಯಾನ್ ಹಿಡಿದು ನಿಂತ ಸಾಲು ನೆನೆಸಿಕೊಳ್ಳಿ. ಒಬ್ಬೊಬ್ಬರ ಹಾಲು, ಒಬ್ಬೊಬ್ಬರ ಬಾಕಿ ಅವರವರ ಹತ್ತಿರವೇ ಇದೆ. ಸಾಲಿನಲ್ಲಿ ನಿಂತ ಒಬ್ಬೊಬ್ಬರೂ ಒಂದೊಂದು ಆಬ್ಜೆಕ್ಟ್. ಇಂಥದ್ದೊಂದು ಚಿತ್ರ ಕೊಡದೆ ಸೀದಾ ವ್ಯಾಖ್ಯೆಗೆ ಇಳಿಯುವ ಪುಸ್ತಕ ನನಗೆ ಬೇಡ ಅನ್ನಿಸಿತು.

ಕೊನೆಗೆ ಹಿಡಿಸಿದ್ದು ಆಲನ್ ಡೌನಿ ಬರೆದ 'ಥಿಂಕ್ ಪೈಥಾನ್', ಎರಡನೇ ಆವೃತ್ತಿ. ಲೇಖಕರೇ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಕ್ಲಾಸ್ ಬರುವುದು 15ನೇ ಅಧ್ಯಾಯಕ್ಕೆ. ಅಷ್ಟು ತಡವಾ ಅಂತ ಮೂಗು ಮುರಿಯುವವರಿದ್ದಾರೆ, ನನಗೆ ಅದೇ ಅನುಕೂಲವಾಯಿತು. ಫಂಕ್ಷನ್ ಬರೆದು ಬರೆದು ಬಂದವನಿಗೆ ಹಿಂದಿನ ಪಾಠ ಸರಸರ ದಾಟಿಬಿಡಬಹುದು. 16ನೇ ಅಧ್ಯಾಯದಲ್ಲಿ ಟೈಮ್ ಅಂತ ಒಂದು ಕ್ಲಾಸ್ ಮಾಡಿ, ಅದಕ್ಕೆ ಬೇಕಾದ ಕೆಲಸವೆಲ್ಲಾ ಹೊರಗಿನ ಫಂಕ್ಷನ್‌ಗಳಲ್ಲಿ ಬರೆಯುತ್ತಾರೆ. 9:45ಕ್ಕೆ 1 ಗಂಟೆ 35 ನಿಮಿಷ ಕೂಡಿಸಿದರೆ 10:80 ಬರುತ್ತೆ. ಆ ಎಡವಟ್ಟನ್ನ ಮುಚ್ಚಿಡದೆ ತೋರಿಸಿ, ತಿದ್ದಿ, 17ನೇ ಅಧ್ಯಾಯದಲ್ಲಿ ಅದೇ ಫಂಕ್ಷನ್‌ಗಳನ್ನ ಕ್ಲಾಸಿನ ಒಳಗೆ ಮೆಥಡ್ ಮಾಡುತ್ತಾರೆ. ನನ್ನ ಪ್ರೋಗ್ರಾಂ ನಿಂತಿದ್ದ ಜಾಗವೂ ಅದೇ, ಹೋಗಬೇಕಾಗಿದ್ದ ದಾರಿಯೂ ಅದೇ. ಮೈಸೂರು ರೈಲಲ್ಲಿ ಓದುವುದು, ರಾತ್ರಿ ಮನೆಯಲ್ಲಿ ಟೈಮ್ ಬದಲು ಹಾಲಿನ ಎಂಟ್ರಿ ಇಟ್ಟು ಬರೆದು ನೋಡುವುದು. ಇನ್‌ಹೆರಿಟೆನ್ಸ್‌ಗೆ ಅಲ್ಲಿ ಇಸ್ಪೀಟು ಎಲೆ. ನಮ್ಮ ಕಡೆಯವರಿಗೆ ಅದನ್ನ ಬಿಡಿಸಿ ಹೇಳಬೇಕಿಲ್ಲ ಬಿಡಿ.

ಇದೇ ಪುಸ್ತಕವನ್ನ ಚಿಕ್ಕಪ್ಪನ ಮಗಳಿಗೆ ನಾನು ಕೊಡಲಿಲ್ಲ. ಅವಳು ಡಿಪ್ಲೊಮಾ ಓದುತ್ತಿದ್ದಾಳೆ, ಅಲ್ಲಿ ಜಾವಾ. "ಅಣ್ಣ, ಕ್ಲಾಸಿಗೂ ಆಬ್ಜೆಕ್ಟಿಗೂ ವ್ಯತ್ಯಾಸ ಬರೆಯೋಕೆ ಬರುತ್ತೆ, ಏನೂಂತ ಗೊತ್ತಾಗಲ್ಲ" ಅಂದಳು. ಅವಳಿಗೆ ಬಾರ್ನ್ಸ್ ಮತ್ತು ಕೋಲಿಂಗ್ ಬರೆದ 'ಆಬ್ಜೆಕ್ಟ್ಸ್ ಫಸ್ಟ್ ವಿತ್ ಜಾವಾ' ಹೇಳಿದೆ. ಬ್ಲೂಜೆ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಓದುವ ಪುಸ್ತಕ ಅದು. ಸರ್ಕಲ್ ಕ್ಲಾಸ್ ಮೇಲೆ ಮೌಸ್ ಒತ್ತಿ ಎರಡು ವೃತ್ತ ಮಾಡಿದಳು, ಒಂದನ್ನ ಬಲಕ್ಕೆ ಸರಿಸಿದಳು. ಇನ್ನೊಂದು ಇದ್ದಲ್ಲೇ ಇತ್ತು. ಕ್ಲಾಸ್ ಒಂದೇ, ಆಬ್ಜೆಕ್ಟ್ ಎರಡು. ಒಂದು ಸಾಲೂ ಕೋಡ್ ಬರೆಯದೆ ಅವಳಿಗೆ ವ್ಯತ್ಯಾಸ ಕಂಡಿತು.

ಇನ್ನು 'ಡಿಸೈನ್ ಪ್ಯಾಟರ್ನ್ಸ್' ತಗೊಳ್ಳಿ ಅಂತ ನಿಮಗೂ ಯಾರಾದರೂ ಹೇಳೇ ಹೇಳುತ್ತಾರೆ. ನಾಲ್ವರು ಸೇರಿ ಬರೆದದ್ದು, 1994ರಲ್ಲಿ ಬಂತು, 23 ಪ್ಯಾಟರ್ನ್‌ಗಳಿವೆ, ಅಂದರೆ ಮತ್ತೆ ಮತ್ತೆ ಎದುರಾಗುವ ತೊಡಕುಗಳಿಗೆ ಸಿದ್ಧ ಉಪಾಯಗಳು. ದರದ ಪಟ್ಟಿಯನ್ನ ಬೇರೆ ಆಬ್ಜೆಕ್ಟ್ ಮಾಡಿದ ನನ್ನ ಉಪಾಯಕ್ಕೂ ಅದರಲ್ಲಿ ಸ್ಟ್ರಾಟಜಿ ಅಂತ ಹೆಸರಿದೆ. ಆದರೆ ಉದಾಹರಣೆ ಸಿ ಪ್ಲಸ್ ಪ್ಲಸ್‌ನಲ್ಲಿ, ಸ್ಮಾಲ್‌ಟಾಕ್ ಅನ್ನುವ ಹಳೇ ಭಾಷೆಯಲ್ಲಿ. ಬರೆದವರೂ ಹೊಸಬರಿಗೆ ಅಂತ ಬರೆದಿಲ್ಲ. ನಿಮ್ಮದೇ ಒಂದು ಪ್ರೋಗ್ರಾಂ ಕ್ಲಾಸ್ ಹಾಕಿ ಬರೆದು, ಅದನ್ನ ಯಾರಾದರೂ ದಿನಾ ಬಳಸಿ ಬೈದ ಮೇಲೆ ತಗೊಳ್ಳಿ.